ಬಿಚ್ಚಿದ್ದನ್ನು ತೋರಿಸುವ ಕ್ಯಾಮೆರಾ

"ಬಿಚ್ಚಿದ ಸಾಮಾನು ಮಾಲೀಕನ ಕಣ್ಣಿಗೆ ತೋರಿಸದೇ ಒಗಿಯೂದಿಲ್ಲ. ಜೋಡಿಸಿದ್ದನ್ನ ತೋರಿಸದೇ, ಕೆಲಸ ಮುಗೀತು ಅನ್ನೂದಿಲ್ಲ."

ರಿಪೇರಿಯ ಪಾನಾ ಪೆಟ್ಟಿಗೆಯ ಮೇಲೆ ಬಲಗೈ ಇಟ್ಟು ಸಿದ್ದಲಿಂಗಪ್ಪ ಈ ಮಾತು ಕೊಟ್ಟಿದ್ದು ಧಾರವಾಡದಲ್ಲಿ, ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಗರಾಜಿನಲ್ಲಿ, ತನ್ನ ಉಸ್ತಾದ ಚಂದ್ರಶೇಖರ ಮಿಸ್ತ್ರಿಗೆ. ಆಗ ಅವನಿಗೆ ಹತ್ತೊಂಬತ್ತು. ಅವತ್ತು ಬೆಳಿಗ್ಗೆ ಸಾಲಿ ಮಾಸ್ತರರೊಬ್ಬರ ಗಾಡಿಗೆ ಹೊಸ ಕ್ಲಚ್ ಪ್ಲೇಟು ಹಾಕಿ, ಹಳೆಯದನ್ನು ಗಟಾರಕ್ಕೆ ಎಸೆದಿದ್ದ. ಸಂಜೆ ಮಾಸ್ತರರು ಬಂದು, "ಹಳೇದು ಎಲ್ಲೈತ್ಯೋ?" ಅಂದರು. ಮಿಸ್ತ್ರಿ ಬಾಯಿ ಬಿಡದೆ ಗಟಾರದ ಕಡೆಗೆ ಬೆರಳು ತೋರಿಸಿದರು, ಅಷ್ಟೇ. ಮೊಣಕೈ ತನಕ ಕೆಸರಿನಲ್ಲಿ ಕೈಹಾಕಿ, ಅರ್ಧ ತಾಸು ತಡಕಾಡಿ, ತೊಳೆದು, ಒರೆಸಿ ಮಾಸ್ತರರ ಕೈಗೆ ಕೊಟ್ಟ ಮೇಲೆಯೇ ಮಿಸ್ತ್ರಿ ಅವನ ಕೈ ಹಿಡಿದು ಪೆಟ್ಟಿಗೆಯ ಮೇಲೆ ಇಡಿಸಿದ್ದರು.

ಅದಾಗಿ ಇಪ್ಪತ್ತು ವರ್ಷ. ಈಗ ಎರಡು ಸಾವಿರದ ಎರಡನೇ ಇಸವಿ, ಊರು ಲಂಡನ್. ಗ್ರೀನ್‌ಫರ್ಡಿನ ಗೋದಾಮುಗಳ ಸಾಲಿನ ತುದಿಯಲ್ಲಿ ಸಿದ್ದಲಿಂಗಪ್ಪನದೇ ಒಂದು ಬೈಕ್ ಗರಾಜು. ಹನ್ನೊಂದು ವರ್ಷ ಅದೇ ಸಾಲಿನ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ, ಬೆನ್ನು ಬಾಗಿಸಿಕೊಂಡು, ಕಡೆಗೊಂದು ದಿನ "ಇನ್ನ ಸಾಕು" ಎಂದು ಹೊರಬಿದ್ದು ಮಾಡಿದ ಗರಾಜು. ಕೆಲಸಕ್ಕೇನೂ ಕಡಿಮೆಯಿರಲಿಲ್ಲ. ಆದರೆ ಇಲ್ಲಿಯ ಗಿರಾಕಿಗಳು ಕೀಲಿ ಕೊಟ್ಟು ಹೋಗಿ ಸಂಜೆ ಗಾಡಿ ಹತ್ತಿ ಹೊರಟುಬಿಡುವ ಮಂದಿ. ಹಳೇ ಬ್ರೇಕ್ ಪ್ಯಾಡು ತೋರಿಸಲು ಹೋದರೆ ಇವನೇನು ಟಿಪ್ಪು ಕೇಳುತ್ತಿದ್ದಾನೋ ಎಂಬಂತೆ ನೋಡುತ್ತಿದ್ದರು. ಸಿದ್ದಲಿಂಗಪ್ಪನೂ ಹಟ ಬಿಟ್ಟವನಲ್ಲ. ಹಳೇ ಸಾಮಾನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹ್ಯಾಂಡಲ್ಲಿಗೆ ಕಟ್ಟಿ ಕಳಿಸುತ್ತಿದ್ದ. ಅವರು ಗೇಟಿನ ಹತ್ತಿರ ಅದನ್ನು ಬಿಚ್ಚಿ ಅವನದೇ ಕಸದ ಡಬ್ಬಿಗೆ ಹಾಕಿ ಹೋಗುತ್ತಿದ್ದರು.

"ಹಾಕ್ಲಿ ಬಿಡ್ರಿ," ಎನ್ನುತ್ತಿದ್ದಳು ಹೆಂಡತಿ ಗುರುದೇವಿ. "ಒಗಿಯೂ ಮುಂಚೆ ಒಮ್ಮೆ ನೋಡಿರತಾರಲ್ಲ, ನಿಮ್ಮ ಮಿಸ್ತ್ರಿಗೆ ಅಷ್ಟು ಸಾಕು."

ಆ ಅಕ್ಟೋಬರಿನಲ್ಲಿ ಕ್ಯಾನರಿ ವಾರ್ಫಿನ ಕೊರಿಯರ್ ಕಂಪನಿಯೊಂದು ಹೊಸ ಗರಾಜು ಹುಡುಕುತ್ತಿತ್ತು. ನಲವತ್ತು ಕೆಂಪು ಗಾಡಿ, ಎಲ್ಲವೂ ಒಂದೇ ಮಾದರಿ. ಅಲ್ಲಿಯ ಮ್ಯಾನೇಜರ್ ಡೆರೆಕ್ ಎಂಬವನು ಫೋನಿನಲ್ಲಿ ತನ್ನ ಶರತ್ತನ್ನು ಹೇಳಿದ. ಹಿಂದಿನ ಗರಾಜಿನವರು ಏನು ಮಾಡಿದರೋ ಏನು ಬಿಟ್ಟರೋ ತನಗೆ ಗೊತ್ತಾಗುತ್ತಿರಲಿಲ್ಲವಂತೆ. ಇನ್ನು ಮೇಲೆ ಪ್ರತಿ ರಿಪೇರಿಗೂ ಡಿಜಿಟಲ್ ಫೋಟೋ ಬೇಕು: ರಿಪೇರಿಗೆ ಮೊದಲು ಗಾಡಿ, ಬಿಚ್ಚಿದ ಸಾಮಾನು, ರಿಪೇರಿಯಾದ ಮೇಲೆ ಗಾಡಿ. ಪರೀಕ್ಷೆಗೆಂದು ಭಾನುವಾರ ಮೂರು ಗಾಡಿ ಕಳಿಸುತ್ತೇನೆ, ಸೋಮವಾರ ಬೆಳಿಗ್ಗೆ ಹತ್ತರೊಳಗೆ ಫೋಟೋಗಳು ಈಮೇಲಿನಲ್ಲಿ ಬರಬೇಕು, ಇನ್ನೊಂದು ಗರಾಜೂ ಸಾಲಿನಲ್ಲಿದೆ ಎಂದ.

ಸಿದ್ದಲಿಂಗಪ್ಪ ಫೋನಿಟ್ಟ. ಮಿಸ್ತ್ರಿಯ ಮಾತನ್ನೇ ಈ ಇಂಗ್ಲಿಷಿನವ ಕಾಗದದ ಮೇಲೆ ಬರೆದು ಕೇಳುತ್ತಿದ್ದ ಹಾಗಿತ್ತು. ಕೆಲಸ ಬಂದರೆ ಗರಾಜು ಉಳಿಯುತ್ತದೆ. ಬರದಿದ್ದರೆ ಮಾರ್ಚಿಗೆ ಬಾಡಿಗೆ ಕರಾರು ಮುಗಿಯುತ್ತದೆ, ಬಾಗಿಲಿಗೆ ಬೀಗ ಹಾಕಿ ಮತ್ತೆ ಫೋರ್ಕ್‌ಲಿಫ್ಟ್ ಹತ್ತಬೇಕು.

"ಹತ್ತೂದಿಲ್ಲ ನೀವು," ಎಂದಳು ಗುರುದೇವಿ, ಶಿಫ್ಟಿನಿಂದ ಬಂದು ಶೂ ಬಿಚ್ಚುತ್ತ. "ನಾ ಹತ್ತಗೊಡೂದಿಲ್ಲ. ಕ್ಯಾಮೆರಾ ತರ್ರಿ."

ಶನಿವಾರ ಅವನು ಟಾಟನ್‌ಹ್ಯಾಂ ಕೋರ್ಟ್ ರೋಡಿಗೆ ಹೊರಟಾಗ ಜೊತೆಗೆ ವರುಣ್ ಇದ್ದ. ವರುಣ್ ಬೆಂಗಳೂರಿನವನು, ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ, ಇರುವುದು ಕೆಂಟನ್ನಿನ ಫ್ಲಾಟಿನಲ್ಲಿ. ಗಾಡಿ ರಿಪೇರಿಗೆ ಬಂದವನು ಗುರುದೇವಿಯ ರೊಟ್ಟಿ ಊಟಕ್ಕೆ ಕಾಯಂ ಆಗಿದ್ದ. ದಾರಿಯುದ್ದಕ್ಕೂ ಅವನು ಮೆಗಾಪಿಕ್ಸೆಲ್ ಪಾಠ ಹೇಳಿದ.

"ಸಿದ್ದಲಿಂಗಪ್ಪನೋರೇ, ನಾಲ್ಕು ಮೆಗಾಪಿಕ್ಸೆಲ್‌ಗಿಂತ ಕಮ್ಮಿ ತಗೋಬೇಡಿ. ಎರಡು ಅಂದ್ರೆ ಏನೂ ಅಲ್ಲ, ಆಟದ ಸಾಮಾನು."

"ನಾಕ ಅಂದ್ರ ಎಷ್ಟ ರೊಕ್ಕ?"

"ನಾನೂರು ಪೌಂಡ್ ಇರಬಹುದು."

"ನನ್ನ ಕಿಸೇದಾಗ ನೂರಾ ಐವತ್ತು ಅದಾವ. ನಾನೂರರ ಕ್ಯಾಮೆರಾ ತಗೊಂಡ್ರ ಅದರಾಗ ನನ್ನ ಗರಾಜು ಮುಚ್ಚಿದ್ದು ಚಲೋ ಕಾಣತೈತಿ, ಅಷ್ಟs."

ಅಂಗಡಿಯ ಗಾಜಿನ ಮೇಜಿನ ಮೇಲೆ ಸಿದ್ದಲಿಂಗಪ್ಪ ಕಿಸೆಯಿಂದ ಒಂದು ಕರವಸ್ತ್ರ ತೆಗೆದು ಬಿಚ್ಚಿದ. ಒಳಗೆ ಸವೆದ ಬ್ರೇಕ್ ಪ್ಯಾಡು, ಚೈನಿನ ಒಂದು ಕೊಂಡಿ, ಗೇಣುದ್ದದ ಹಳೇ ಕ್ಲಚ್ ಕೇಬಲ್ಲು. ಕೇಬಲ್ಲಿನಲ್ಲಿ ಒಂದೇ ಒಂದು ಎಳೆ ಕಡಿದು, ಕೂದಲಿನಂತೆ ಮೇಲೆದ್ದಿತ್ತು. ಟೈ ಕಟ್ಟಿದ ಮಾರಾಟದವನು ಅರ್ಧ ಹೆಜ್ಜೆ ಹಿಂದೆ ಸರಿದ.

"ಈ ಎಳೆ ಕಾಣಬೇಕು. ಕಂಡರೆ ತಗೊಳ್ತೀನಿ," ಎಂದು ಸಿದ್ದಲಿಂಗಪ್ಪ ತನ್ನ ಇಂಗ್ಲಿಷಿನಲ್ಲಿ ಹೇಳಿದ.

ನಾಲ್ಕು ಮೆಗಾಪಿಕ್ಸೆಲಿನದು ಮೊದಲು ಬಂತು. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ರಸ್ತೆಯಾಚೆಯ ಅಂಗಡಿಯ ಹೆಸರನ್ನು ಅಚ್ಚುಕಟ್ಟಾಗಿ ತೋರಿಸಿತು. ಆದರೆ ಕೇಬಲ್ಲಿನ ಹತ್ತಿರ ಹಿಡಿದರೆ ಎಲ್ಲ ಕಲಸಿಹೋಯಿತು. ಮೊಳ ದೂರ ನಿಲ್ಲಬೇಕು ಎಂದ ಮಾರಾಟದವನು. ಮೊಳ ದೂರದಿಂದ ಎಳೆ ಕಾಣಲಿಲ್ಲ. ಎರಡನೇ ಅಂಗಡಿಯಲ್ಲಿ ಫ್ಲ್ಯಾಷ್ ಬಿದ್ದು ಕೊಂಡಿಯೆಲ್ಲ ಬೆಳ್ಳಗಾಯಿತು, ಆ ಫ್ಲ್ಯಾಷ್ ಆರಿಸುವ ಗುಂಡಿಯೇ ಇರಲಿಲ್ಲ. ಮೂರನೆಯದರಲ್ಲಿ ವಿಶೇಷ ಬ್ಯಾಟರಿ, ಅದು ಮುಗಿದರೆ ಚಾರ್ಜಿಗೆ ಮೂರು ತಾಸು. "ಗಾಡಿ ಬಿಚ್ಚಿಟ್ಟು ಮೂರು ತಾಸು ಚಾ ಕುಡೀಲಿಕ್ಕೆ ಹೋಗಲೇನು?" ಎಂದು ಅದನ್ನೂ ತಳ್ಳಿದ. ನಾಲ್ಕನೇ ಅಂಗಡಿಯವನು ಕರವಸ್ತ್ರ ನೋಡಿಯೇ ಇವತ್ತು ಸ್ಟಾಕಿಲ್ಲ ಎಂದುಬಿಟ್ಟ.

"ಇನ್ನೂ ಎಷ್ಟು ಅಂಗಡಿ ಸುತ್ತೋದು? ಕಾಲು ಬಿದ್ದೋಯ್ತು," ಎಂದ ವರುಣ್.

"ರಸ್ತೆ ಮುಗಿಯೂ ತನಕ, ತಮ್ಮಾ."

ಐದನೆಯದರಲ್ಲಿ, ಮೂಲೆಯ ಕಪಾಟಿನಲ್ಲಿ, ಡಬ್ಬಿ ಕಳೆದುಕೊಂಡ ಶೋಕೇಸಿನ ಮಾಲೊಂದು ಇತ್ತು. ಎರಡೇ ಮೆಗಾಪಿಕ್ಸೆಲ್, ದಪ್ಪ, ಬೂದು ಬಣ್ಣ, ಸಾಬೂನಿನ ಡಬ್ಬಿಯ ಆಕಾರ. ಮುಂದೆ ಸರಿಸಿ ತೆಗೆಯುವ ಮುಚ್ಚಳ. ಟಾರ್ಚಿಗೆ ಹಾಕುವ ಮಾಮೂಲಿ ಬ್ಯಾಟರಿ ನಾಲ್ಕು. ಫ್ಲ್ಯಾಷ್ ಆರಿಸಬಹುದು. ಹಿಂದೆ ಹೂವಿನ ಚಿತ್ರದ ಗುಂಡಿ, ಅದನ್ನು ಒತ್ತಿದರೆ ಗೇಣು ದೂರದಿಂದ ಹಿಡಿಯುತ್ತದೆ ಎಂದಳು ಅಂಗಡಿಯ ಹುಡುಗಿ. ಸಿದ್ದಲಿಂಗಪ್ಪ ಉಸಿರು ಹಿಡಿದು ಒತ್ತಿದ. ಬೆಂಕಿಪೊಟ್ಟಣದಷ್ಟು ಪರದೆಯ ಮೇಲೆ ಆ ಕಡಿದ ಎಳೆ, ಅದರ ತುದಿಯ ತುಕ್ಕಿನ ಚುಕ್ಕೆಯ ಸಮೇತ, ಎದ್ದು ನಿಂತಿತ್ತು.

"ಇದs," ಎಂದ.

"ಪರದೆ ಸಿಕ್ಕಾಪಟ್ಟೆ ಬ್ಯಾಟರಿ ತಿನ್ನುತ್ತೆ," ಎಂದು ಹುಡುಗಿ ಎಚ್ಚರಿಸಿದಳು. "ದೂರದ ಫೋಟೋಗೆ ಪರದೆ ಆರಿಸಿ, ಮೇಲಿನ ಈ ಕಿಂಡಿಯಲ್ಲಿ ನೋಡಿ ತೆಗೆಯಿರಿ. ಹತ್ತಿರದ್ದಕ್ಕೆ ಮಾತ್ರ ಪರದೆ ಹಾಕಿ."

ನೂರಾ ಮೂವತ್ತು ಪೌಂಡು. ಉಳಿದ ಇಪ್ಪತ್ತರಲ್ಲಿ ಒಂದಿಷ್ಟು ಬ್ಯಾಟರಿ ಕೊಂಡು, ವರುಣನಿಗೆ ಕಾಫಿ ಕುಡಿಸಿ, ಸಿದ್ದಲಿಂಗಪ್ಪ ಟ್ಯೂಬಿನಲ್ಲಿ ಮನೆಯ ತನಕ ಆ ಕ್ಯಾಮೆರಾವನ್ನು ತೊಡೆಯ ಮೇಲಿನಿಂದ ಇಳಿಸಲಿಲ್ಲ.

ಅವರ ಮನೆಯಲ್ಲಿ ಒಂದು ರೂಢಿಯಿತ್ತು. ಹೊಸ ಪಾನಾ ಬರಲಿ, ಹೊಸ ಜ್ಯಾಕು ಬರಲಿ, ಕೊನೆಗೆ ಒಂದು ಸ್ಕ್ರೂಡ್ರೈವರೇ ಬರಲಿ, ದೇವರ ಜಗುಲಿಯ ಮುಂದಿಟ್ಟು ವಿಭೂತಿ ಹಚ್ಚದೆ ಕೆಲಸಕ್ಕೆ ಹಾಕುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಸಿದ್ದಲಿಂಗಪ್ಪ ಸ್ನಾನಕ್ಕೆ ಹೋದಾಗ ಗುರುದೇವಿ ಕ್ಯಾಮೆರಾವನ್ನು ದೇವರ ಮುಂದೆ ಇಟ್ಟಳು. ಮುಖ ಮುಚ್ಚಿಕೊಂಡಿದ್ದಕ್ಕೆ ಎಂಥ ಪೂಜೆ ಎಂದು ಮುಚ್ಚಳ ಸರಿಸಿದಳು. ನೀರಲ್ಲಿ ಕಲಸಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಎಡದಿಂದ ಬಲಕ್ಕೆ ಎಳೆದಳು. ಹೂವಿನ ಎಸಳೊಂದನ್ನಿಟ್ಟು, ಕೈಮುಗಿದು, ಮುಚ್ಚಳ ಹಾಕಿದಳು. ವಿಭೂತಿ ಹಸಿಯಿದ್ದಾಗ ಕಾಣುವುದಿಲ್ಲ. ಒಣಗಿದ ಮೇಲೆಯೇ ಅದು ಬೆಳ್ಳಗೆ ಮೂಡುವುದು.

ಒಂಬತ್ತಕ್ಕೆ ಮೂರು ಕೆಂಪು ಗಾಡಿ ಬಂದವು. ಒಂದರ ಮುಂದಿನ ಬ್ರೇಕು, ಒಂದರ ಚೈನು, ಒಂದರ ಕ್ಲಚ್ ಕೇಬಲ್ಲು. ಸವಾರರು ಸಂಜೆ ನಾಲ್ಕಕ್ಕೆ ಬರುತ್ತೇವೆಂದು ಹೋದರು. ಸಿದ್ದಲಿಂಗಪ್ಪ ಶಟರನ್ನು ಪೂರ್ತಿ ಎತ್ತಿ ಬೆಳಕು ಬಿಟ್ಟುಕೊಂಡ. ಹುಡುಗಿ ಹೇಳಿದ ಹಾಗೆ ಪರದೆ ಆರಿಸಿ, ಮೇಲಿನ ಕಿಂಡಿಗೆ ಕಣ್ಣಿಟ್ಟು, ಬಿಚ್ಚುವ ಮೊದಲಿನ ಫೋಟೋ ಗಾಡಿಗೆ ನಾಲ್ಕರಂತೆ ತೆಗೆದ. ಕಿಂಡಿಯಲ್ಲಿ ಎಲ್ಲ ನಿಚ್ಚಳವಾಗಿತ್ತು. ಮಿಸ್ತ್ರಿ ಕಲಿಸಿದಂತೆ ಹಳೇ ಧೋತರದ ತುಂಡೊಂದನ್ನು ನೆಲಕ್ಕೆ ಹಾಸಿ, ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡುತ್ತ ಹೋದ. ಮಧ್ಯಾಹ್ನ ಉಣ್ಣಲೂ ಏಳಲಿಲ್ಲ. ಮೂರೂವರೆಗೆ ಮೂರೂ ಗಾಡಿ ನೆಟ್ಟಗಾದವು. ಮತ್ತೆ ಕಿಂಡಿಯಲ್ಲಿ ನೋಡಿ, ಒಂದೊಂದಕ್ಕೆ ನಾಲ್ಕು ನಾಲ್ಕು ಫೋಟೋ. ನಾಲ್ಕಕ್ಕೆ ಸವಾರರು ಬಂದು ಒಯ್ದರು.

ಆಮೇಲೆ ಉಳಿದದ್ದು ಬಿಚ್ಚಿದ ಸಾಮಾನಿನ ಫೋಟೋ. ಅದನ್ನು ಸಮಾಧಾನವಾಗಿ ತೆಗೆಯೋಣವೆಂದೇ ಕೊನೆಗಿಟ್ಟುಕೊಂಡಿದ್ದ. ಧೋತರದ ಮುಂದೆ ಕುಕ್ಕರಗಾಲಲ್ಲಿ ಕೂತು, ಹೂವಿನ ಗುಂಡಿ ಒತ್ತಿ, ಪರದೆ ಹಾಕಿದ.

ಪರದೆಯ ತುಂಬ ಮಂಜು.

ಕಣ್ಣುಜ್ಜಿಕೊಂಡ. ಬ್ಯಾಟರಿ ಬದಲಿಸಿದ. ಮಂಜು ಹೋಗಲಿಲ್ಲ. ಹಿಂದಿನ ಫೋಟೋಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿ ನೋಡಿದ. ಬೆಳಗಿನಿಂದ ತೆಗೆದ ಇಪ್ಪತ್ತನಾಲ್ಕರಲ್ಲೂ ಬೆಳ್ಳಗಿನ ಮಂಜಿನ ಹಿಂದೆ ಒಂದೊಂದು ಕೆಂಪು ಮುದ್ದೆ. ಕ್ಯಾಮೆರಾ ತಿರುಗಿಸಿದ. ಗಾಜಿನ ಮೇಲೆ, ಮುಚ್ಚಳ ಸರಿದಾಡಿ ಸವರಿದ ಮೂರು ಪಟ್ಟಿ.

ಗುರುದೇವಿ ವರುಣನೊಡನೆ ಬುತ್ತಿ ತಂದಾಗ ಅವನು ಹಾಗೇ ಕೂತಿದ್ದ. ಕ್ಯಾಮೆರಾ ಮುಂದೆ ಹಿಡಿದ. ಅವಳು ನೋಡಿದಳು, ಬುತ್ತಿಯನ್ನು ಬೆಂಚಿನ ಮೇಲಿಟ್ಟಳು.

"ನಾನs ಹಚ್ಚಿದ್ದು," ಎಂದಳು. "ಹಣಿ ಯಾವುದು, ಕಣ್ಣು ಯಾವುದು ತಿಳೀಲಿಲ್ರಿ."

"ಪಾನಾಕ್ಕ ಕಣ್ಣಿರೂದಿಲ್ಲ. ಇದಕ್ಕ ಐತಿ. ನಾನೂ ಒಮ್ಮೆ ತಿರುಗಿಸಿ ನೋಡಬೇಕಾಗಿತ್ತು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಇಡೀ ದಿನದ್ದು ಹೋತಲ್ಲ."

ವರುಣ್ ನಗು ತಡೆದುಕೊಂಡು ಫೋಟೋ ನೋಡಿದ. ಆಮೇಲೆ ಗರಾಜಿನ ಮೂಲೆ ನೋಡಿದ. ಅಲ್ಲಿ ಬೇರೊಬ್ಬ ಗಿರಾಕಿಯ, ನಾಲ್ಕನೇ ಗಾಡಿಯೊಂದು ಚಕ್ರದ ಸಾಮಾನು ಬರಲಿಲ್ಲವೆಂದು ಹೋದ ವಾರದಿಂದ ನಿಂತಿತ್ತು. ಅದೇ ಕೆಂಪು, ಅದೇ ಮಾದರಿ.

"ಸಿದ್ದಲಿಂಗಪ್ಪನೋರೇ, ತಲೆ ಕೆಡಿಸ್ಕೋಬೇಡಿ. ಲೆನ್ಸ್ ಒರೆಸಿ. ಇದನ್ನೇ ಮೂರು ಕಡೆಯಿಂದ ತೆಗೀರಿ, ನಂಬರ್ ಪ್ಲೇಟ್ ಬರದ ಹಾಗೆ. ಇದರ ಬ್ರೇಕು, ಇದರ ಚೈನು, ಇದರ ಕೇಬಲ್ಲು. ಯಾರಿಗೆ ಗೊತ್ತಾಗುತ್ತೆ? ನೀವು ಕೆಲಸ ಮಾಡೇ ಇದ್ದೀರಲ್ಲ, ಮೋಸ ಏನಿಲ್ಲ."

ಸಿದ್ದಲಿಂಗಪ್ಪ ಕ್ಯಾಮೆರಾ ತಿರುಗಿಸಿ ಹಿಡಿದ. ಧೋತರದ ಅಂಚಿನಿಂದ ಲೆನ್ಸ್ ಒರೆಸಿದ, ಊದಿದ, ಮತ್ತೆ ಒರೆಸಿದ. ಎದ್ದು ನಾಲ್ಕನೇ ಗಾಡಿಯ ಮುಂದೆ ಹೋಗಿ ನಿಂತ. ಕ್ಯಾಮೆರಾ ಎತ್ತಿದ. ಪರದೆಯ ಮೇಲೆ ಅದರ ಬ್ರೇಕು ಕನ್ನಡಿಯಷ್ಟು ನಿಚ್ಚಳವಾಗಿ ಬಂತು. ಬೆರಳು ಗುಂಡಿಯ ಮೇಲಿತ್ತು. ಒಂದು ಒತ್ತು. ಮಾರ್ಚಿನ ಬೀಗ, ಫೋರ್ಕ್‌ಲಿಫ್ಟು, ಶಿಫ್ಟು ಮುಗಿಸಿ ಬಂದು ಕಾಲು ತಿಕ್ಕಿಕೊಳ್ಳುವ ಗುರುದೇವಿ, ಎಲ್ಲ ಆ ಗುಂಡಿಯ ಮೇಲೆ ಬಂದು ಕೂತಿತ್ತು.

ಗುರುದೇವಿ ಕಡೆಗೆ ತಿರುಗಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ನಿಮ್ಮ ಮಿಸ್ತ್ರಿ ಇದ್ದಿದ್ರ ಏನಂತಿದ್ರು?" ಎಂದಳು.

"ಏನೂ ಅಂತಿರಲಿಲ್ಲ. ಗಟಾರದ ಕಡೆ ಬಟ್ಟು ಮಾಡತಿದ್ರು."

ಕ್ಯಾಮೆರಾ ಕೆಳಗಿಳಿಸಿದ. "ತಮ್ಮಾ, ಆ ಗಾಡಿಗಳು ಮುಂಜಾನೆ ಎಲ್ಲಿ ನಿಲ್ಲತಾವ?"

"ನಮ್ಮ ಆಫೀಸ್ ಪಕ್ಕದ ಬಿಲ್ಡಿಂಗ್ ಬೇಸ್‌ಮೆಂಟಲ್ಲಿ. ಎಂಟಕ್ಕೆ ಹೊರಡ್ತಾರೆ. ಯಾಕೆ?"

"ನಾ ಏಳಕ್ಕ ಅಲ್ಲಿರತೀನಿ."

"ಅಲ್ಲಿಗೆ ಹೋಗಿ ಏನಂತ ಹೇಳ್ತೀರಿ? ಹೆಂಡ್ತಿ ಕ್ಯಾಮೆರಾಗೆ ಬೂದಿ ಬಳಿದ್ಲು ಅಂತಲಾ?"

"ಬೂದಿ ಅನಬ್ಯಾಡ್ರಿ," ಎಂದಳು ಗುರುದೇವಿ ತಟ್ಟನೆ. "ವಿಭೂತಿ."

ಧೋತರದ ಮೇಲಿನ ಸಾಮಾನುಗಳ ಫೋಟೋ ಆ ಸಂಜೆಯೇ ಆಯಿತು. ಲೋಹ ತಾಗುವಷ್ಟು ಸವೆದ ಪ್ಯಾಡು, ಬಿಗಿ ಹಿಡಿದ ಚೈನಿನ ಕೊಂಡಿಗಳು, ಆರು ಎಳೆ ಕಡಿದ ಕೇಬಲ್ಲು. ಸಿದ್ದಲಿಂಗಪ್ಪ ಸಾಮಾನುಗಳನ್ನು ಬಿಸ್ಕೀಟಿನ ಡಬ್ಬಿಗೆ ತುಂಬಿ, ಕ್ಯಾಮೆರಾವನ್ನು ಕರವಸ್ತ್ರದಲ್ಲಿ ಸುತ್ತಿ ಅದರ ಮೇಲಿಟ್ಟ.

ಸೋಮವಾರ ಏಳಕ್ಕೆ ಐದು ನಿಮಿಷವಿರುವಾಗ ಅವನು ಆ ಬೇಸ್‌ಮೆಂಟಿನ ಇಳಿಜಾರು ಇಳಿಯುತ್ತಿದ್ದ. ಗೇಟಿನವನು ತಡೆದ. ಕೊರಿಯರ್ ಸವಾರನೊಬ್ಬ, ನಿನ್ನೆ ಚೈನಿನ ಗಾಡಿ ತಂದವನೇ, "ಇವನು ನಮ್ಮ ಮೆಕ್ಯಾನಿಕ್" ಎಂದು ಒಳಗೆ ಕರೆದುಕೊಂಡ. "ನಮ್ಮ" ಎಂಬುದು ಸಿದ್ದಲಿಂಗಪ್ಪನ ಕಿವಿಗೆ ಬಿತ್ತು, ಆದರೆ ಅದನ್ನು ನಂಬಿ ಕೂರುವ ಹೊತ್ತಲ್ಲ. ಟ್ಯೂಬ್‌ಲೈಟಿನ ಕೆಳಗೆ ಮೂರೂ ಗಾಡಿಗಳನ್ನು ಹುಡುಕಿ ಸಾಲಾಗಿ ನಿಲ್ಲಿಸಿದ. ಫ್ಲ್ಯಾಷ್ ಆರಿಸಿ, ಪರದೆ ಹಾಕಿ, ಮೊಣಕೈಯನ್ನು ಮೊಣಕಾಲಿಗೆ ಊರಿ ತೆಗೆಯತೊಡಗಿದ. ಮೊದಲು ನಂಬರ್ ಪ್ಲೇಟು, ಆಮೇಲೆ ಕೆಲಸ. ಎರಡು ಸಲ ಬ್ಯಾಟರಿ ಮುಗಿಯಿತು, ಎರಡು ಸಲವೂ ಕಿಸೆಯಿಂದ ಹೊಸದು ಹಾಕಿದ.

ಸಿದ್ದಲಿಂಗಪ್ಪ ಮೇಲಿನ ಆಫೀಸಿನಲ್ಲಿ ಕಾಯುತ್ತಿದ್ದಾಗ, ಒಂಬತ್ತಕ್ಕೆ ಡೆರೆಕ್ ಬಂದ. ಐವತ್ತರ ಆಸುಪಾಸಿನ ಬೋಳುತಲೆಯವನು, ಕೈಯಲ್ಲಿ ಚಹಾದ ಕಪ್ಪು. ಮೇಜಿನ ಮೇಲೆ ಬಿಸ್ಕೀಟಿನ ಡಬ್ಬಿ ನೋಡಿ ತಿನ್ನಲು ತಂದಿದ್ದಾನೆಂದೇ ತಿಳಿದು ಮುಚ್ಚಳ ತೆಗೆದ.

"ಇದೇನು?"

"ನಿಮ್ಮ ಗಾಡಿಯಿಂದ ಬಿಚ್ಚಿದ್ದು. ನಿಮ್ಮದು, ನೀವು ನೋಡಬೇಕು." ಸಿದ್ದಲಿಂಗಪ್ಪ ಕ್ಯಾಮೆರಾ ಮುಂದಿಟ್ಟ. "ರಿಪೇರಿಯ ನಂತರದ ಫೋಟೋ ಗರಾಜಿನಲ್ಲಿ ತೆಗೆದದ್ದಲ್ಲ. ಇವತ್ತು ಬೆಳಿಗ್ಗೆ ಕೆಳಗೆ ತೆಗೆದದ್ದು. ರಿಪೇರಿಗೆ ಮೊದಲಿನವು ಕೆಟ್ಟುಹೋದವು, ಅವು ಇನ್ನು ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಹೊಸ ಸಾಮಾನಿಗೆ ಪೂಜೆ ಮಾಡುತ್ತೇವೆ, ಅದು ಲೆನ್ಸಿಗೆ ತಾಗಿತು. ನೋಡದೆ ತೆಗೆದದ್ದು ನನ್ನ ತಪ್ಪು."

ಡೆರೆಕ್ ಮಂಜಿನ ಫೋಟೋಗಳನ್ನು ನೋಡಿದ. ಸ್ಪಷ್ಟವಾದವನ್ನೂ ನೋಡಿದ. ಆಮೇಲೆ ಕಡಿದ ಕೇಬಲ್ಲನ್ನು ಡಬ್ಬಿಯಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಬೆರಳಿಗೆ ಎಣ್ಣೆ ಹತ್ತಿತು.

"ಇದನ್ನು ನಾನು ಒಂದು ವರ್ಷದಿಂದ ಬಿಲ್ಲಿನ ಕಾಗದದಲ್ಲಿ ಹೆಸರಾಗಿ ಮಾತ್ರ ನೋಡಿದ್ದೇನೆ. ಇಷ್ಟು ಕಡಿದಿತ್ತಾ?"

"ಇನ್ನೊಂದು ವಾರ ಓಡಿಸಿದ್ದರೆ ಪೂರ್ತಿ ಹೋಗುತ್ತಿತ್ತು."

"ಕೇಳಿ. ನಾನು ಕೇಳಿದ್ದು ಮೂರು ಬಗೆಯ ಫೋಟೋ. ನಿಮ್ಮಲ್ಲಿ ಒಂದು ಬಗೆ ಇಲ್ಲ. ಇನ್ನೊಂದು ಗರಾಜಿನವರು ನಿನ್ನೆ ಸಂಜೆಯೇ ಎಲ್ಲ ಕಳಿಸಿದ್ದಾರೆ, ಏನೂ ಕೊರತೆಯಿಲ್ಲ. ನಲವತ್ತು ಗಾಡಿ ನಿಮಗೆ ಕೊಡಲು ನನ್ನ ಮೇಲಿನವರು ಒಪ್ಪುವುದಿಲ್ಲ."

ಸಿದ್ದಲಿಂಗಪ್ಪ ತಲೆಯಾಡಿಸಿದ. ಡಬ್ಬಿಯ ಮುಚ್ಚಳಕ್ಕೆ ಕೈ ಚಾಚಿದ.

"ಇರಿ, ಅದನ್ನು ಮುಚ್ಚಬೇಡಿ," ಎಂದ ಡೆರೆಕ್. "ಹನ್ನೆರಡು ನಿಮಗೆ. ಮೂರು ತಿಂಗಳು. ಪ್ರತಿ ಸಲವೂ ಫೋಟೋ ಪೂರ್ತಿ ಇರಬೇಕು. ಈ ಡಬ್ಬಿಯನ್ನೂ ಕಳಿಸಿ. ಮೂರು ತಿಂಗಳಾದ ಮೇಲೆ ಉಳಿದದ್ದರ ಮಾತು."

ಹನ್ನೆರಡು ಗಾಡಿಯಲ್ಲಿ ಗರಾಜು ಮಾರ್ಚಿನಾಚೆಗೆ ಉಳಿಯುತ್ತದೋ ಇಲ್ಲವೋ ಸಿದ್ದಲಿಂಗಪ್ಪನಿಗೆ ಗೊತ್ತಾಗಲಿಲ್ಲ. ಉಳಿಸಬೇಕು, ಅಷ್ಟೇ ಗೊತ್ತಾಯಿತು. ಕೆಳಗಿಳಿದು ಗುರುದೇವಿಗೆ ಫೋನು ಮಾಡಿದ.

"ಹನ್ನೆರಡs ಕೊಟ್ಟಾನ."

"ಹನ್ನೆರಡು ಅಂದ್ರ ಹನ್ನೆರಡು. ಫೋರ್ಕ್‌ಲಿಫ್ಟ್ ಅಂತೂ ಇಲ್ಲಲ್ಲ?"

"ಸದ್ಯಕ್ಕಿಲ್ಲ."

"ಮುಂದಿನ ಸಲ ವಿಭೂತಿ ಬೆನ್ನಿಗೆ ಹಚ್ಚತೀನ್ರಿ."

"ಬೆನ್ನಿಗೆ ಪರದೆ ಐತಿ, ತಾಯೀ. ಬುಡಕ್ಕ ಹಚ್ಚು."

ಗ್ರೀನ್‌ಫರ್ಡಿಗೆ ಬಂದು ಶಟರು ಎತ್ತಿದ. ಧೋತರವನ್ನು ಕೊಡವಿ ಮತ್ತೆ ಹಾಸಿದ. ನಾಲ್ಕನೇ ಗಾಡಿಯ ಚಕ್ರದ ಸಾಮಾನು ಬಂದು ಬಾಗಿಲಲ್ಲಿ ಬಿದ್ದಿತ್ತು. ಕ್ಯಾಮೆರಾದ ಮುಚ್ಚಳ ಸರಿಸಿ, ಮುಂಭಾಗವನ್ನು ತನ್ನ ಕಡೆಗೆ ತಿರುಗಿಸಿ, ಗಾಜನ್ನು ಒಮ್ಮೆ ನೋಡಿ, ಆಮೇಲೆ ಗಾಡಿಯ ಮೊದಲ ಫೋಟೋ ತೆಗೆದ.

ಪಾನಾ ಪೆಟ್ಟಿಗೆಯ ಮೇಲೆ ಕೈಯಿಟ್ಟು ಚಂದ್ರಶೇಖರ ಮಿಸ್ತ್ರಿಗೆ ಕೊಟ್ಟ ಮಾತನ್ನು ಸಿದ್ದಲಿಂಗಪ್ಪ ಉಳಿಸಿಕೊಂಡ.